4294967297: ಈ ಸಂಖ್ಯೆ ಯಾವ ಯಾವ ಗುಂಪಿಗೆ ಸೇರುತ್ತದೆ, ಏಕೆ ಸೇರುತ್ತದೆ?

ಶೇಷಪ್ರಿಯ:
4294967297 ಎಂಬ ಸಂಖ್ಯೆಯ ಕುರಿತು ಎರಡು ಸಂದೇಹಗಳನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಬಾಯಲ್ಲಿ ಹೇಳುವುದಾದರೆ ಇದು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೇಳು. ಗಣಿತದ ಬರವಣಿಗೆಯಲ್ಲಿ 2³² + 1 ಎಂದರೆ ಮುಗಿಯಿತು. ಸಂಖ್ಯೆಗಳ ಪಟ್ಟಿಗಳಲ್ಲಿ ಇದರ ಮುಂದೆ ಉದ್ದನೆಯ ವಿವರಣೆ ಇರುತ್ತದೆ: ಬೆಸ, ಸಂಯುಕ್ತ, ಎರಡೇ ಅವಿಭಾಜ್ಯಗಳ ಗುಣಲಬ್ಧ, ವರ್ಗಮುಕ್ತ (1ಕ್ಕಿಂತ ದೊಡ್ಡ ಯಾವ ವರ್ಗದಿಂದಲೂ ಭಾಗವಾಗದ್ದು), ಕೊರತೆಯ ಸಂಖ್ಯೆ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಕಡಿಮೆ ಇರುವುದು), ಫರ್ಮಾ ಸಂಖ್ಯೆ, 2ನ್ನು ಆಧಾರವಾಗಿಟ್ಟುಕೊಂಡರೆ ಹುಸಿ ಅವಿಭಾಜ್ಯ (ಸಂಯುಕ್ತವಾಗಿದ್ದೂ ಅವಿಭಾಜ್ಯತೆಯ ಪರೀಕ್ಷೆಯನ್ನು ದಾಟುವುದು), ಎರಡು ವರ್ಗಗಳ ಮೊತ್ತ, ಸುಖಿಯಲ್ಲದ ಸಂಖ್ಯೆ (ಅಂಕಿಗಳ ವರ್ಗಗಳನ್ನು ಮತ್ತೆ ಮತ್ತೆ ಕೂಡಿಸಿದರೂ 1ನ್ನು ತಲುಪದ್ದು), ಹೀಗೆ.

ಮೊದಲನೆಯ ಸಂದೇಹ: ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೇ, ಅಥವಾ ಇವುಗಳಲ್ಲಿ ಹಲವು ಒಂದೇ ಬೇರಿನಿಂದ ಹುಟ್ಟಿದವೇ? ಎರಡನೆಯದು: 2ರ ಘಾತವನ್ನು ತೆಗೆದುಕೊಂಡು ಮಾಡುವ ಫರ್ಮಾ ಪರೀಕ್ಷೆಯಲ್ಲಿ ಈ ಸಂಖ್ಯೆ ಉತ್ತೀರ್ಣವಾಗುತ್ತದೆ, ಆದರೆ 641 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಈ ಎರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕು?

ಘಾತಾಂಕ:
ಬೇರು ಒಂದೇ, ಅದು ಐದನೇ ಫರ್ಮಾ ಸಂಖ್ಯೆ ಎಂಬುದು. 2ರ ಘಾತಾಂಕವೂ 2ರ ಘಾತವೇ ಆಗಿದ್ದು ಅದಕ್ಕೆ 1 ಕೂಡಿಸಿದಾಗ ಬರುವ ಸಾಲು ಇದು: 3, 5, 17, 257, 65537, ಆಮೇಲೆ 4294967297. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ನಿಮ್ಮ ಸಂಖ್ಯೆ ಸಾಲಿನಲ್ಲಿ ಆರನೆಯದಾದರೂ ಐದನೇ ಫರ್ಮಾ ಸಂಖ್ಯೆ ಎನಿಸಿಕೊಳ್ಳುತ್ತದೆ. ಮೊದಲ ಐದೂ ಅವಿಭಾಜ್ಯಗಳು. ಅದನ್ನು ಕಂಡ ಫ್ರೆಂಚ್ ಗಣಿತಜ್ಞ ಫರ್ಮಾ, ಈ ಸಾಲಿನಲ್ಲಿ ಬರುವ ಎಲ್ಲವೂ ಅವಿಭಾಜ್ಯಗಳೇ ಇರಬೇಕೆಂಬ ನಂಬಿಕೆಯನ್ನು 1640ರ ಪತ್ರಗಳಲ್ಲಿ ವ್ಯಕ್ತಪಡಿಸಿದರು. 1729ರ ಡಿಸೆಂಬರಿನಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇನ್ನೊಬ್ಬ ಗಣಿತಜ್ಞ ಆಯ್ಲರರಿಗೆ ಬರೆದ ಪತ್ರದಲ್ಲಿ ಈ ಮಾತನ್ನು ನೆನಪಿಸಿದರು. 1732ರಲ್ಲಿ ಆಯ್ಲರ್ 4294967297 = 641 × 6700417 ಎಂದು ತೋರಿಸಿದರು, ಫರ್ಮಾ ಅವರ ಊಹೆ ಅಲ್ಲಿಗೆ ಬಿತ್ತು.

ಅಂಕಿಸಾಲು:
641 ಅವಿಭಾಜ್ಯಗಳ ಸಾಲಿನಲ್ಲಿ 116ನೆಯದು. ಆಯ್ಲರ್ 3, 5, 7, 11 ಎಂದು ಒಂದೊಂದರಿಂದಲೂ ಭಾಗಿಸುತ್ತ ಬಂದು 116ನೆಯದರಲ್ಲಿ ಯಶಸ್ಸು ಕಂಡರು ಎಂದಾಯಿತು. ಅದು ತಾಳ್ಮೆಯ ಕೆಲಸವೇ ಹೊರತು ದೊಡ್ಡ ತತ್ತ್ವವೇನಲ್ಲ.

ಭಾಗಲಬ್ಧ:
ಅಂಕಿಸಾಲು ಅವರೇ, ಆ ಚಿತ್ರ ಸರಿಯಲ್ಲ. ಆಯ್ಲರರ ಮೊದಲ ಟಿಪ್ಪಣಿಯಲ್ಲಿ ದಾರಿಯ ವಿವರವಿಲ್ಲದಿದ್ದರೂ ಮುಂದೆ ಬರೆದ ಪ್ರಬಂಧದಲ್ಲಿ ಅವರು ಸಾಧಿಸಿದ ಪ್ರಮೇಯ ಎಲ್ಲವನ್ನೂ ತೆರೆದಿಡುತ್ತದೆ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 'ಪ' ಎನ್ನೋಣ. ಪ-ಯಿಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೆ 2³² ಎಂಬುದು −1ಕ್ಕೆ ಸಮ (1 ಕೂಡಿಸಿದರೆ ಪ-ಯಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದರ್ಥ), ಆದ್ದರಿಂದ 2⁶⁴ ಎಂಬುದು 1ಕ್ಕೆ ಸಮ. ಅಂದರೆ 2ರ ಘಾತಗಳು ಮತ್ತೆ 1ಕ್ಕೆ ಮರಳಲು ಸರಿಯಾಗಿ 64 ಹೆಜ್ಜೆಗಳು ಬೇಕು. ಅದಕ್ಕೂ ಮೊದಲೇ ಮರಳುತ್ತಿದ್ದರೆ 32ನೇ ಹೆಜ್ಜೆಯಲ್ಲಿ −1 ಸಿಗುತ್ತಿರಲಿಲ್ಲ. ಈ ಹೆಜ್ಜೆಗಳ ಸಂಖ್ಯೆ ಪ − 1ನ್ನು ಭಾಗಿಸಲೇಬೇಕು ಎಂಬುದು ಫರ್ಮಾ ಅವರದೇ ಇನ್ನೊಂದು ಪ್ರಮೇಯದ ಫಲ. ಆದ್ದರಿಂದ ಪ ಎಂಬುದು 64ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಯಾಗಿರಬೇಕು.

ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಭಾಗಿಸಿ ನೋಡಿದರೆ ಶೇಷಗಳು ಕ್ರಮವಾಗಿ 109, 2, 325, 288, 0. ಐದನೆಯದರಲ್ಲೇ ಉತ್ತರ ಸಿಗುತ್ತದೆ. ಹತ್ತಂಕಿಯ ಭಾಗಾಕಾರವೂ ಬೇಕಿಲ್ಲ: 65536ನ್ನು 641ರಿಂದ ಭಾಗಿಸಿದರೆ ಶೇಷ 154, 154ರ ವರ್ಗ 23716, ಅದಕ್ಕೆ 1 ಕೂಡಿಸಿದರೆ 23717, ಅದು 641 × 37. ಕಾಗದದ ಒಂದು ಮೂಲೆಯಲ್ಲಿ ಮುಗಿಯುವ ಲೆಕ್ಕವಿದು. ನೂರಕ್ಕೂ ಹೆಚ್ಚು ಭಾಗಾಕಾರಗಳು ಐದಕ್ಕೆ ಇಳಿದದ್ದು ತಾಳ್ಮೆಯಿಂದಲ್ಲ, ಆ ಪ್ರಮೇಯದಿಂದ.

ಬೆಸಸಾಲು:
ಇನ್ನೂ ಇಳಿಸಬಹುದು. ಪ-ಯನ್ನು 8ರಿಂದ ಭಾಗಿಸಿದಾಗ ಶೇಷ 1 ಬರುವುದರಿಂದ 2 ಎಂಬುದೇ ಪ-ಯ ಲೆಕ್ಕದಲ್ಲಿ ಒಂದು ವರ್ಗದ ಶೇಷವಾಗುತ್ತದೆ, ಆಗ 64ರ ಬದಲು 128 ಎಂದು ಹೇಳಬಹುದು. ಇದನ್ನು 1878ರಲ್ಲಿ ಲ್ಯೂಕಾ ತೋರಿಸಿದರು. 128ರ ಗುಣಕಕ್ಕೆ 1 ಕೂಡಿಸಿದ ಅವಿಭಾಜ್ಯಗಳು 257 ಮತ್ತು 641. 257 ಹಿಂದಿನ ಫರ್ಮಾ ಸಂಖ್ಯೆಯಾದ್ದರಿಂದ ಅದನ್ನು ಪರೀಕ್ಷಿಸುವ ಅಗತ್ಯವೇ ಇಲ್ಲ. ಉಳಿಯುವುದು ನೇರವಾಗಿ 641.

ಸಾಧನೆ_ಬೇಕು:
641 ಭಾಗಿಸುತ್ತದೆ ಎಂಬುದಕ್ಕೆ ಇನ್ನೂ ಚಿಕ್ಕ ಸಾಧನೆ (ರುಜುವಾತು) ಇದೆ, ಅದರಲ್ಲಿ ಭಾಗಾಕಾರವೇ ಇಲ್ಲ. 641 = 5 × 2⁷ + 1, ಹಾಗೆಯೇ 641 = 5⁴ + 2⁴. 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೆ ಮೊದಲನೆಯದರಿಂದ 5 × 2⁷ ಎಂಬುದು −1ಕ್ಕೆ ಸಮ. ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1ಕ್ಕೆ ಸಮ. ಎರಡನೆಯದರಿಂದ 5⁴ ಎಂಬುದು −2⁴ಕ್ಕೆ ಸಮ. ಸೇರಿಸಿದರೆ −2³² ಎಂಬುದು 1ಕ್ಕೆ ಸಮ, ಅಂದರೆ 2³² + 1ನ್ನು 641 ಭಾಗಿಸುತ್ತದೆ. ಇಷ್ಟು ಚಂದದ ಸಾಧನೆ ಇರುವಾಗ ಐದು ಭಾಗಾಕಾರಗಳ ಪಟ್ಟಿ ಏಕೆ ಬೇಕು?

ಭಾಗಲಬ್ಧ:
ಏಕೆ ಬೇಕೆಂದರೆ, ಆ ಸಾಧನೆ 641 ಎಂಬ ಉತ್ತರ ಕೈಯಲ್ಲಿರುವವರಿಗೆ ಮಾತ್ರ ನೆರವಾಗುತ್ತದೆ. ಅದು ಉತ್ತರವನ್ನು ಒಪ್ಪಿಸುತ್ತದೆ, ಹುಡುಕಿಕೊಡುವುದಿಲ್ಲ. ಶೇಷಪ್ರಿಯ ಅವರು ಕೇಳುತ್ತಿರುವುದು ಗುಣಗಳು ಎಲ್ಲಿಂದ ಹುಟ್ಟುತ್ತವೆ ಎಂದು. 2ರ ಘಾತಗಳು 64 ಹೆಜ್ಜೆಗಳಲ್ಲಿ ಮರಳುತ್ತವೆ ಎಂಬ ಒಂದು ಸಂಗತಿಯಿಂದ 641 ಕೈಗೆ ಬರುತ್ತದೆ. 5⁴ + 2⁴ ಎಂಬುದು 641ರ ಸೊಬಗೇ ಹೊರತು 4294967297ರ ಒಳಗುಟ್ಟಲ್ಲ.

ಸಾಧನೆ_ಬೇಕು:
ಎರಡರ ಉದ್ದೇಶ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಒಪ್ಪಿಸುವ ಸಾಧನೆಯನ್ನು ಕೀಳೆಂದು ಕಾಣುವುದು ಬೇಡ. ಯಾರಿಗೂ ಲೆಕ್ಕಯಂತ್ರ ಬೇಡದಂತೆ ಮೂರು ಸಾಲಿನಲ್ಲಿ ಒಂದು ಹತ್ತಂಕಿಯ ಸಂಖ್ಯೆ ಸಂಯುಕ್ತವೆಂದು ತಿಳಿಸುವ ಸಾಧನೆಗಳು ಬಹಳ ಇಲ್ಲ.

ಹೊಸಬ:
641 ಸರಿ. 6700417 ಅವಿಭಾಜ್ಯ ಎನ್ನುವುದಕ್ಕೆ ಏನು ಆಧಾರ? ಅದನ್ನು ಎಲ್ಲರೂ ಹೇಳಿ ಮುಂದೆ ಹೋಗುತ್ತಾರೆ, ಸಾಧಿಸುವುದನ್ನು ನಾನು ಕಂಡಿಲ್ಲ.

ಬೆಸಸಾಲು:
ಒಳ್ಳೆಯ ಪ್ರಶ್ನೆ, ಅದರ ಉತ್ತರವೂ ಅದೇ ಪ್ರಮೇಯದಲ್ಲಿದೆ. 6700417ನ್ನು ಭಾಗಿಸುವ ಅವಿಭಾಜ್ಯ ಮೂಲ ಸಂಖ್ಯೆಯನ್ನೂ ಭಾಗಿಸುತ್ತದೆ, ಆದ್ದರಿಂದ ಅದಕ್ಕೂ 128ರ ನಿಯಮ ಅನ್ವಯಿಸುತ್ತದೆ. 6700417ರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟರವರೆಗೆ ಹುಡುಕಿದರೆ ಸಾಕು. 128ರ ಗುಣಕಕ್ಕೆ 1 ಕೂಡಿಸಿದ ಸಂಖ್ಯೆಗಳಲ್ಲಿ ಆ ಮಿತಿಯೊಳಗಿನ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 897, 1281, 1537, 1793, 2561ರಂಥ ಉಳಿದವೆಲ್ಲ ಸಂಯುಕ್ತಗಳು. 6700417ನ್ನು ಈ ಐದರಿಂದ ಭಾಗಿಸಿದರೆ ಶೇಷಗಳು 170, 44, 120, 334, 622. ಎಲ್ಲಿಯೂ ಸೊನ್ನೆ ಇಲ್ಲ, ಆದ್ದರಿಂದ ಅದು ಅವಿಭಾಜ್ಯ. ನಿಯಮದ ನೆರವಿಲ್ಲದೆ ಹೋದರೆ 2588ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗಿತ್ತು.

ಹೊಸಬ:
ಐದೇ ಭಾಗಾಕಾರಗಳು! ಈಗಲೇ ಕೂತು ಮಾಡಿ ನೋಡಿದೆ, ಐದೂ ಶೇಷಗಳು ನೀವು ಹೇಳಿದಂತೆಯೇ ಬಂದವು.

ಶೇಷಪ್ರಿಯ:
ಇಲ್ಲಿಯವರೆಗಿನದು ಸ್ಪಷ್ಟವಾಯಿತು. ನನ್ನ ಎರಡನೆಯ ಸಂದೇಹ ಹಾಗೆಯೇ ಉಳಿದಿದೆ. ಪರೀಕ್ಷೆ ಈ ಸಂಖ್ಯೆಯನ್ನು ಏಕೆ ಹಿಡಿಯಲಿಲ್ಲ?

ಘಾತಾಂಕ:
ಪರೀಕ್ಷೆ ಕೇಳುವುದು ಇಷ್ಟೇ: ಸಂಖ್ಯೆಗಿಂತ ಒಂದು ಕಡಿಮೆ ಇರುವ ಘಾತಕ್ಕೆ 2ನ್ನು ಏರಿಸಿ, ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1 ಬರುತ್ತದೆಯೇ? ಇಲ್ಲಿ ಆ ಘಾತ 2³². 2ರ ಘಾತಗಳು 64 ಹೆಜ್ಜೆಗಳಿಗೊಮ್ಮೆ 1ಕ್ಕೆ ಮರಳುತ್ತವೆ ಎಂದು ಮೇಲೆ ನೋಡಿದೆವು. 64 ಎಂಬುದು 2³²ನ್ನು ಭಾಗಿಸುವುದರಿಂದ ಶೇಷ 1 ಬರಲೇಬೇಕು. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದರ ಪ್ರಶ್ನೆಯೇ ಈ ಲೆಕ್ಕದಲ್ಲಿ ಏಳುವುದಿಲ್ಲ. ಪ್ರತಿಯೊಂದು ಫರ್ಮಾ ಸಂಖ್ಯೆಯೂ ಇದೇ ಕಾರಣಕ್ಕೆ 2ರ ಪರೀಕ್ಷೆಯನ್ನು ದಾಟುತ್ತದೆ. ಇನ್ನೂ ಬಿಗಿಯಾದ ಪರೀಕ್ಷೆಯಲ್ಲಿ, ಅಂದರೆ ವರ್ಗ ಮಾಡುತ್ತ ಹೋಗುವಾಗ ಮಧ್ಯದಲ್ಲಿ −1 ಸಿಗಬೇಕು ಎಂಬ ಷರತ್ತಿನಲ್ಲಿಯೂ ಇದು ಗೆಲ್ಲುತ್ತದೆ: 2, 4, 16, 256, 65536, ಅದರ ಮುಂದಿನದೇ −1.

ಅಂಕಿಸಾಲು:
ಹಾಗಾದರೆ ಇದು ಕಾರ್‌ಮೈಕೇಲ್ ಸಂಖ್ಯೆಯೇ (ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಎಲ್ಲ ಆಧಾರಗಳಲ್ಲೂ ಈ ಪರೀಕ್ಷೆಯನ್ನು ದಾಟುವ ಸಂಯುಕ್ತ) ಆಯಿತಲ್ಲ, 561ರ ಹಾಗೆ.

ಬೆಸಸಾಲು:
ಆಗಲಿಲ್ಲ. ಕಾರ್‌ಮೈಕೇಲ್ ಸಂಖ್ಯೆಗೆ ಕನಿಷ್ಠ ಮೂರು ಅವಿಭಾಜ್ಯ ಅಪವರ್ತನಗಳು ಬೇಕು. ಇದಕ್ಕೆ ಎರಡೇ ಇವೆ. ಬೇರೆ ರೀತಿಯಲ್ಲಿ ನೋಡಿದರೂ 640 ಎಂಬುದು 2³²ನ್ನು ಭಾಗಿಸಬೇಕಿತ್ತು, ಆದರೆ 640ರೊಳಗೆ 5 ಕೂತಿದೆ.

ಭಾಗಲಬ್ಧ:
ಈ ಅಂಶವನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಶೇಷಪ್ರಿಯ ಅವರ ಸಂದೇಹಕ್ಕೆ ನಿಜವಾದ ಉತ್ತರ ಇಲ್ಲಿದೆ. ಪರೀಕ್ಷೆಯನ್ನು 2ರ ಬದಲು ಬೇರೆ ಆಧಾರದಿಂದ ಮಾಡಿದರೆ ಎಷ್ಟು ಆಧಾರಗಳು ಮೋಸಹೋಗುತ್ತವೆ ಎಂದು ಎಣಿಸಬಹುದು. 641ರ ಕಡೆಯಿಂದ 2³² ಮತ್ತು 640ರ ಮಹತ್ತಮ ಸಾಮಾನ್ಯ ಅಪವರ್ತನ 128. ಇನ್ನೊಂದು ಕಡೆಯಿಂದ 6700416 = 2⁷ × 3 × 17449 ಆದ್ದರಿಂದ ಅಲ್ಲಿಯೂ 128. ಗುಣಿಸಿದರೆ 16384. 1ರಿಂದ 4294967296ರವರೆಗಿನ ಎಲ್ಲ ಆಧಾರಗಳಲ್ಲಿ ಮೋಸಹೋಗುವವು 16384 ಮಾತ್ರ, ಅಂದರೆ ಪ್ರತಿ 262144ಕ್ಕೆ ಒಂದು. ಹಾಗೆ ಮೋಸಹೋಗುವ ಆ ಸಣ್ಣ ಗುಂಪಿನಲ್ಲಿ 2 ಮತ್ತು ಅದರ ಎಲ್ಲ ಘಾತಗಳೂ ಸೇರಿವೆ. 2ರಿಂದಲೇ ಕಟ್ಟಿದ ಸಂಖ್ಯೆಯನ್ನು 2ರಿಂದಲೇ ಪರೀಕ್ಷಿಸಿದ್ದೇ ಸಮಸ್ಯೆ. ಪರೀಕ್ಷೆ ದುರ್ಬಲ ಎಂದು ಇದರಿಂದ ಹೇಳಲಾಗದು, ಆಧಾರದ ಆಯ್ಕೆ ತಪ್ಪು ಎನ್ನಬಹುದು.

ಸಾಧನೆ_ಬೇಕು:
3ನ್ನು ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನೂ ಯಾರಾದರೂ ಅಂಕಿಗಳಲ್ಲಿ ಕೊಡಿ.

ಘಾತಾಂಕ:
ಅದು 1877ರಲ್ಲಿ ಪೆಪಾಂ ಕೊಟ್ಟ ಪರೀಕ್ಷೆ. ಸಾಲಿನ ಮೊದಲನೆಯದಾದ 3ನ್ನು ಬಿಟ್ಟು ಉಳಿದ ಯಾವುದೇ ಫರ್ಮಾ ಸಂಖ್ಯೆ ಅವಿಭಾಜ್ಯವಾಗಿರಬೇಕಾದರೆ, ಅದರಲ್ಲಿ 1 ಕಳೆದು ಅರ್ಧ ಮಾಡಿದ ಘಾತಕ್ಕೆ 3ನ್ನು ಏರಿಸಿದಾಗ ಶೇಷ −1 ಬರಲೇಬೇಕು. −1 ಬಂದರೆ ಅದು ಖಂಡಿತ ಅವಿಭಾಜ್ಯ. ಎರಡೂ ದಿಕ್ಕಿನಲ್ಲಿ ನಿಲ್ಲುವ ಪರೀಕ್ಷೆ ಇದು. ನಮ್ಮ ಸಂಖ್ಯೆಗೆ ಆ ಶೇಷ 10324303, −1 ಅಲ್ಲ. ಇನ್ನೊಮ್ಮೆ ವರ್ಗ ಮಾಡಿದರೆ 3029026160, ಅದು 1 ಅಲ್ಲ. ಹಾಗಾಗಿ 3ನ್ನು ಆಧಾರವಾಗಿಟ್ಟುಕೊಂಡು ಫರ್ಮಾ ಅವರೇ ಸೂಚಿಸಿದ ಸಾಮಾನ್ಯ ಪರೀಕ್ಷೆ ಮಾಡಿದ್ದರೂ ಅವರ ಊಹೆ ಅಂದೇ ಬೀಳುತ್ತಿತ್ತು: 3ನ್ನು ಮೂವತ್ತೆರಡು ಸಲ ವರ್ಗ ಮಾಡಿ ಪ್ರತಿ ಸಲ ಶೇಷ ತೆಗೆದರೆ ಸಾಕಿತ್ತು.

ಅಂಕಿಸಾಲು:
ಎಲ್ಲರೂ ಶೇಷಗಳಲ್ಲೇ ಮುಳುಗಿದ್ದೀರಿ. ಸಂಖ್ಯೆಯ ಮೇಲ್ಮೈಯಲ್ಲೇ ನೋಡಬಹುದಾದ ಗುಣಗಳೂ ಇವೆ. ಅಂಕಿಗಳ ಮೊತ್ತ 59, ಅದೂ ಅವಿಭಾಜ್ಯ. ಅಂಕಿಗಳ ವರ್ಗಗಳನ್ನು ಕೂಡಿಸುತ್ತ ಹೋದರೆ 417, 66, 72, 53, 34, 25, 29, 85, 89 ಎಂದು ಸಾಗಿ 89ರ ಚಕ್ರದಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಸುಖಿಯಲ್ಲ. ಅಪವರ್ತನಗಳಾದ 641 ಮತ್ತು 6700417ರಲ್ಲಿ ಒಟ್ಟು ಹತ್ತು ಅಂಕಿಗಳು, ಮೂಲ ಸಂಖ್ಯೆಯಲ್ಲೂ ಹತ್ತು. ಇವೂ ವರ್ಗೀಕರಣಗಳೇ.

ಭಾಗಲಬ್ಧ:
ವರ್ಗೀಕರಣಗಳು ಹೌದು, ಆದರೆ ಅವು ಹತ್ತರ ಆಧಾರದಲ್ಲಿ ಬರೆಯುವ ನಮ್ಮ ಪದ್ಧತಿಯನ್ನು ವರ್ಗೀಕರಿಸುತ್ತವೆ. ಇದೇ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ ಎರಡು ಒಂದುಗಳ ನಡುವೆ ಮೂವತ್ತೊಂದು ಸೊನ್ನೆಗಳು. ಅಂಕಿಗಳ ಮೊತ್ತ 59 ಹೋಗಿ 2 ಆಗುತ್ತದೆ. ಸಂಖ್ಯೆ ಬದಲಾಗಿಲ್ಲ. ಬರಹ ಬದಲಾದಾಗ ಅಳಿಯುವ ಗುಣವನ್ನು ಅಪವರ್ತನದಂಥ ಗುಣದ ಪಕ್ಕದಲ್ಲಿ ಕೂರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಅಂಕಿಸಾಲು:
ಹತ್ತರ ಆಧಾರದ ಗುಣಕ್ಕೆ ಆಳವಾದ ಕಾರಣ ಇರಲಾರದು ಎಂದು ಹೇಗೆ ಹೇಳುತ್ತೀರಿ? 1ನ್ನು 641ರಿಂದ ಭಾಗಿಸಿ ನೋಡಿ. 0.00156006240249609984399375975039 ಎಂಬ ಮೂವತ್ತೆರಡು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಈ 32 ಎಂಬುದು 2³²ರಲ್ಲಿರುವ 32ಕ್ಕೆ ಸಂಬಂಧಿಸಿದ್ದಲ್ಲವೇ?

ಬೆಸಸಾಲು:
ಸಂಬಂಧ ನಿಜವಾಗಿಯೂ ಇದೆ. 640 = 10 × 64, ಆದ್ದರಿಂದ 641ರ ಲೆಕ್ಕದಲ್ಲಿ 10 × 2⁶ ಎಂಬುದು −1ಕ್ಕೆ ಸಮ. ಹದಿನಾರನೇ ಘಾತಕ್ಕೇರಿಸಿದರೆ 10¹⁶ × 2⁹⁶ ಎಂಬುದು 1ಕ್ಕೆ ಸಮ. 2⁹⁶ ಎಂದರೆ 2³²ರ ಘನ, ಅಂದರೆ −1ರ ಘನ, ಅಂದರೆ −1. ಹಾಗಾಗಿ 10¹⁶ ಎಂಬುದು −1ಕ್ಕೆ ಸಮ, 10³² ಎಂಬುದು 1ಕ್ಕೆ ಸಮ. ಆವರ್ತದ ಉದ್ದ 32 ಆದದ್ದು ಹೀಗೆ. ಹದಿನಾರನೇ ಹೆಜ್ಜೆಯಲ್ಲಿ −1 ಸಿಗುವುದರಿಂದ ಇನ್ನೊಂದು ಫಲವೂ ಇದೆ: ಆವರ್ತದ ಮೊದಲರ್ಧ 0015600624024960 ಮತ್ತು ಎರಡನೆಯ ಅರ್ಧ 9984399375975039 ಕೂಡಿಸಿದರೆ ಹದಿನಾರು ಒಂಬತ್ತುಗಳು ಬರುತ್ತವೆ.

ಅಂಕಿಗಳ ಮೊತ್ತದಂಥ ಗುಣಗಳ ಬಗ್ಗೆ ಭಾಗಲಬ್ಧ ಅವರ ಮಾತನ್ನು ಒಪ್ಪುತ್ತೇನೆ. ಆದರೆ ದಶಮಾಂಶದಲ್ಲಿ ಕಂಡದ್ದೆಲ್ಲವೂ ಮೇಲ್ಮೈಯದು ಎನ್ನಲಾಗದು ಎಂಬುದಕ್ಕೆ ಇದು ಸಾಕ್ಷಿ.

ಭಾಗಲಬ್ಧ:
ಅಲ್ಲಿ 10 ಎಂಬುದು ಬರೆಯುವ ಪದ್ಧತಿಯ ಗುರುತಾಗಿ ಬಂದಿಲ್ಲ, 640ರ ಅಪವರ್ತನವಾಗಿ ಬಂದಿದೆ. ಆ ಭೇದವನ್ನು ಉಳಿಸಿಕೊಂಡರೆ ನನ್ನ ತಕರಾರಿಲ್ಲ.

ಹೊಸಬ:
ಕೊರತೆಯ ಸಂಖ್ಯೆ ಎಂಬುದರ ಕುರಿತು ಯಾರೂ ಮಾತಾಡಲಿಲ್ಲ.

ಘಾತಾಂಕ:
ಅಲ್ಲಿ ಹೇಳಲು ಹೆಚ್ಚೇನೂ ಇಲ್ಲ. ಭಾಜಕಗಳು ನಾಲ್ಕೇ: 1, 641, 6700417 ಮತ್ತು ಸಂಖ್ಯೆ ತಾನೇ. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 6701059, ಸಂಖ್ಯೆಯ ಆರುನೂರರಲ್ಲಿ ಒಂದು ಪಾಲಿಗೂ ಕಡಿಮೆ. 6ನ್ನು ಬಿಟ್ಟರೆ ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾದ ಪ್ರತಿಯೊಂದು ಸಂಖ್ಯೆಯೂ ಕೊರತೆಯದೇ. ಅದೇ ರೀತಿ ವರ್ಗಮುಕ್ತ ಎಂಬುದೂ ಅಪವರ್ತನ ತಿಳಿದ ಕ್ಷಣ ತಾನಾಗಿ ಬರುತ್ತದೆ.

ವರ್ಗಮೂಲ:
ತಡವಾಗಿ ಸೇರುತ್ತಿದ್ದೇನೆ, ಆದರೆ ನನ್ನ ದೃಷ್ಟಿಯಲ್ಲಿ ಈ ಸಂಖ್ಯೆಯ ಅತ್ಯಂತ ಶ್ರೀಮಂತ ಗುಣದ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಶೇಷಪ್ರಿಯ ಅವರ ಪಟ್ಟಿಯಲ್ಲಿ ಅದು 'ಎರಡು ವರ್ಗಗಳ ಮೊತ್ತ' ಎಂಬ ಸಣ್ಣ ನಮೂದಾಗಿ ನಿಂತಿದೆ.

65536² + 1² ಎಂಬುದು ಕಣ್ಣಿಗೆ ಕಾಣುವ ರೂಪ. 4ರಿಂದ ಭಾಗಿಸಿದಾಗ ಶೇಷ 1 ಬರುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. ನಮ್ಮ ಸಂಖ್ಯೆಗೆ ಎರಡನೆಯ ರೀತಿಯೂ ಇದೆ: 62264² + 20449². ಕೂಡಿಸಿ ನೋಡಿ: 3876805696 + 418161601 = 4294967297. ಎರಡನೆಯ ರೂಪ ಸಿಕ್ಕಿತೆಂದರೆ ಸಂಖ್ಯೆ ಅವಿಭಾಜ್ಯವಲ್ಲ ಎಂಬುದು ಅಷ್ಟಕ್ಕೇ ಸಿದ್ಧವಾಯಿತು, ಯಾವ ಭಾಗಾಕಾರವೂ ಬೇಡ.

ಆಯ್ಲರರ ವಿಧಾನ ಅಲ್ಲಿಗೆ ನಿಲ್ಲದೆ ಅಪವರ್ತನಗಳನ್ನೂ ಹೊರತೆಗೆಯುತ್ತದೆ. ಎರಡೂ ರೂಪಗಳ ದೊಡ್ಡ ವರ್ಗಗಳ ಮೂಲಗಳನ್ನು ಕಳೆಯಿರಿ: 65536 − 62264 = 3272. ಸಣ್ಣವುಗಳನ್ನು ಕಳೆಯಿರಿ: 20449 − 1 = 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ 8. ಅದರಿಂದ ಭಾಗಿಸಿದರೆ 409 ಮತ್ತು 2556. ಈಗ ಕೂಡಿಸಿ: 65536 + 62264 = 127800, 20449 + 1 = 20450; ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ 50. 8 ಮತ್ತು 50ರ ಅರ್ಧಗಳು 4 ಮತ್ತು 25. ಕೊನೆಯದಾಗಿ 4² + 25² = 641, 409² + 2556² = 6700417. ಅಪವರ್ತನಗಳು ಎರಡೂ ತಾವಾಗಿಯೇ ಬಂದು ನಿಂತವು, ಅದೂ ತಮ್ಮ ತಮ್ಮ ವರ್ಗಗಳ ಮೊತ್ತದ ರೂಪದಲ್ಲಿ.

ಈ ಲೆಕ್ಕವನ್ನು ಹಿಂದುಮುಂದಾಗಿ ನಡೆಸಿದರೆ ಎರಡು ರೂಪಗಳು ಏಕಿವೆ ಎಂಬುದೂ ತಿಳಿಯುತ್ತದೆ. 25 × 2556 = 63900, 4 × 409 = 1636; ಕೂಡಿಸಿದರೆ 65536, ಕಳೆದರೆ 62264. ಹಾಗೆಯೇ 25 × 409 = 10225, 4 × 2556 = 10224; ಕೂಡಿಸಿದರೆ 20449, ಕಳೆದರೆ 1. ಎಲ್ಲವನ್ನೂ ಬಿಟ್ಟು ಸರಿಯಾಗಿ 1 ಉಳಿಯುವಂತೆ 10225 ಮತ್ತು 10224 ಪಕ್ಕಪಕ್ಕದಲ್ಲಿ ಬಂದು ಕುಳಿತಿರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸುವುದಿಲ್ಲ.

ಸಾಧನೆ_ಬೇಕು:
20449 ಎಂಬುದು 143ರ ವರ್ಗ ಎಂಬುದನ್ನೂ ಸೇರಿಸಿಕೊಳ್ಳಿ. ಆದ್ದರಿಂದ ಎರಡನೆಯ ರೂಪ 62264² + 143⁴.

ವರ್ಗಮೂಲ:
ಹೌದು. ಅದಕ್ಕೆ ಒಂದು ಸಾಮಾನ್ಯ ಕಾರಣವನ್ನು ನಾನು ಕಾಣೆ. ಅದನ್ನು ಕಾಕತಾಳೀಯ ಎಂದೇ ಎಣಿಸುತ್ತೇನೆ.

ಕೈವಾರ:
ಜ್ಯಾಮಿತಿಯ ಕಡೆಯಿಂದ ಒಂದು ಮಾತು. ಫರ್ಮಾ ಸಂಖ್ಯೆಯಷ್ಟು ಭುಜಗಳಿರುವ ಸಮ ಬಹುಭುಜವನ್ನು ಪಟ್ಟಿ ಮತ್ತು ಕೈವಾರದಿಂದ ರಚಿಸಬಹುದೆಂದು ಗೌಸ್ ತೋರಿಸಿದ್ದಾರೆ. ಹಾಗಾದರೆ 4294967297 ಭುಜಗಳ ಬಹುಭುಜವೂ ರಚಿಸಬಹುದಾದದ್ದೇ.

ಬೆಸಸಾಲು:
ಕೈವಾರ ಅವರೇ, ಗೌಸ್ ಹೇಳಿದ್ದು ಫರ್ಮಾ ಅವಿಭಾಜ್ಯಗಳ ಕುರಿತು, ಎಲ್ಲ ಫರ್ಮಾ ಸಂಖ್ಯೆಗಳ ಕುರಿತು ಅಲ್ಲ. 1796ರಲ್ಲಿ ಅವರು 17 ಭುಜಗಳದು ಸಾಧ್ಯವೆಂದು ಕಂಡುಕೊಂಡರು, 1801ರಲ್ಲಿ ಪೂರ್ಣ ಷರತ್ತನ್ನು ಪ್ರಕಟಿಸಿದರು. ಆ ಷರತ್ತು ಪೂರೈಸದಿದ್ದರೆ ರಚನೆ ಅಸಾಧ್ಯವೆಂಬುದರ ಸಾಧನೆಯನ್ನು ವಾಂಟ್ಸೆಲ್ 1837ರಲ್ಲಿ ಕೊಟ್ಟರು. ಭುಜಗಳ ಸಂಖ್ಯೆಗಿಂತ ಚಿಕ್ಕದಾಗಿದ್ದು ಅದರೊಂದಿಗೆ ಸಹ-ಅವಿಭಾಜ್ಯವಾದ (1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ) ಸಂಖ್ಯೆಗಳ ಎಣಿಕೆ 2ರ ಘಾತವಾಗಿರಬೇಕು ಎಂಬುದು ಆ ಷರತ್ತಿನ ಇನ್ನೊಂದು ರೂಪ. ಇಲ್ಲಿ ಆ ಎಣಿಕೆ 640 × 6700416 = 4288266240, ಅದರೊಳಗೆ 3, 5 ಮತ್ತು 17449 ಇವೆ. ಆದ್ದರಿಂದ ರಚನೆ ಅಸಾಧ್ಯ.

ಕೈವಾರ:
ಹಾಗಿದ್ದರೆ ಅದರ ನೆರೆಯ ಸಂಖ್ಯೆಗಳ ಕಥೆ ಏನು?

ಘಾತಾಂಕ:
ಕಥೆ ಅಲ್ಲಿಯೇ ಚೆನ್ನಾಗಿದೆ. 4294967297ರಿಂದ 2 ಕಳೆದರೆ 4294967295, ಅಂದರೆ 2³² − 1. ಅದನ್ನು ವರ್ಗಗಳ ವ್ಯತ್ಯಾಸವಾಗಿ ಬಿಡಿಸುತ್ತ ಹೋದರೆ 3 × 5 × 17 × 257 × 65537 ಎಂದಾಗುತ್ತದೆ: ಹಿಂದಿನ ಐದೂ ಫರ್ಮಾ ಸಂಖ್ಯೆಗಳ ಗುಣಲಬ್ಧ. ಅಷ್ಟು ಭುಜಗಳ ಬಹುಭುಜವನ್ನು ತತ್ತ್ವತಃ ಪಟ್ಟಿ ಮತ್ತು ಕೈವಾರದಿಂದ ರಚಿಸಬಹುದು. ಬೆಸ ಸಂಖ್ಯೆಯ ಭುಜಗಳಿದ್ದು ರಚನೆ ಸಾಧ್ಯವೆಂದು ಇಂದು ತಿಳಿದಿರುವ ಬಹುಭುಜಗಳು 31, ಅವುಗಳಲ್ಲಿ ಅತಿ ದೊಡ್ಡದು ಇದೇ. 2 ಹೆಚ್ಚಾದ ಕೂಡಲೇ ಆ ಬಾಗಿಲು ಮುಚ್ಚುತ್ತದೆ.

ಇದೇ ಗುಣಲಬ್ಧದಿಂದ ಇನ್ನೊಂದು ಫಲ ಬರುತ್ತದೆ. ನಮ್ಮ ಸಂಖ್ಯೆಯನ್ನು 3, 5, 17, 257, 65537ರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2 ಉಳಿಯುತ್ತದೆ, ಆದ್ದರಿಂದ ಅವುಗಳಲ್ಲಿ ಯಾವುದೂ ಇದರ ಅಪವರ್ತನವಾಗದು. ಬೆಸಸಾಲು ಅವರು 257ನ್ನು ಬಿಟ್ಟದ್ದು ಈ ಕಾರಣಕ್ಕೆ. ಫರ್ಮಾ ಸಂಖ್ಯೆಗಳು ಪರಸ್ಪರ ಸಹ-ಅವಿಭಾಜ್ಯಗಳಾದ್ದರಿಂದ ಪ್ರತಿಯೊಂದೂ ಹೊಸ ಅವಿಭಾಜ್ಯವನ್ನು ತರುತ್ತದೆ, ಹಾಗಾಗಿ ಅವಿಭಾಜ್ಯಗಳು ಅನಂತ ಎಂಬ ಸಾಧನೆಯನ್ನು ಗೋಲ್ಡ್‌ಬಾಕ್ ಆಯ್ಲರರಿಗೆ ಬರೆದ ಪತ್ರದಲ್ಲಿ ಕೊಟ್ಟಿದ್ದಾರೆ.

ವರ್ಗಮೂಲ:
ಈ ಇಬ್ಬರು ನೆರೆಯವರು ಒಂದೇ ಲಂಬಕೋನ ತ್ರಿಭುಜದಲ್ಲೂ ಸೇರುತ್ತಾರೆ: ಭುಜಗಳು 4294967295 ಮತ್ತು 131072, ವಿಕರ್ಣ 4294967297. 131072 ಎಂಬುದು 65536ರ ಎರಡರಷ್ಟು.

ಹೊಸಬ:
ಹತ್ತಿರದ ಅವಿಭಾಜ್ಯಗಳು ಯಾವುವು?

ಘಾತಾಂಕ:
ಕೆಳಗೆ 4294967291, ಮೇಲೆ 4294967311. ಅವೆರಡರ ನಡುವೆ ಬೇರೆ ಅವಿಭಾಜ್ಯವಿಲ್ಲ.

ಶೇಷಪ್ರಿಯ:
ಇಷ್ಟು ಓದಿದ ಮೇಲೆ ನಾನು ಆ ಪಟ್ಟಿಯನ್ನು ಹೀಗೆ ಬಿಡಿಸಿಕೊಳ್ಳುತ್ತಿದ್ದೇನೆ. 2³² ಎಂಬುದು −1ಕ್ಕೆ ಸಮ ಎಂಬ ಒಂದು ಸಂಗತಿಯಿಂದ ಅಪವರ್ತನಗಳ ರೂಪ, 2ರ ಆಧಾರದ ಹುಸಿತನ ಮತ್ತು 641ರ ಆವರ್ತ ಬರುತ್ತವೆ. ಅಪವರ್ತನ ತಿಳಿದ ಮೇಲೆ ವರ್ಗಮುಕ್ತ, ಕೊರತೆ, ಬಹುಭುಜದ ಅಸಾಧ್ಯತೆ ಬರುತ್ತವೆ. ಅಂಕಿಗಳ ಮೊತ್ತ ಮತ್ತು ಸುಖಿಯಲ್ಲದಿರುವುದು ಹೊರಗೆ ಉಳಿಯುತ್ತವೆ. ಆದರೆ ಎರಡು ವರ್ಗಗಳ ವಿಧಾನ ಇದೊಂದೇ ಸಂಖ್ಯೆಗೆ ಒದಗಿದ ಅದೃಷ್ಟವೇ, ಅಥವಾ ಆರನೇ ಫರ್ಮಾ ಸಂಖ್ಯೆಗೂ ನಡೆಯುತ್ತದೆಯೇ?

ವರ್ಗಮೂಲ:
ನಡೆಯುತ್ತದೆ. ಆರನೆಯದು ಇಪ್ಪತ್ತು ಅಂಕಿಗಳ 18446744073709551617. ಒಂದು ರೂಪ 4294967296² + 1², ಎರಡನೆಯದು 4046803256² + 1438793759². ವ್ಯತ್ಯಾಸಗಳು 248164040 ಮತ್ತು 1438793758, ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 178. ಮೊತ್ತಗಳ ಕಡೆಯಿಂದ ಅದೇ ರೀತಿ 1032. ಅರ್ಧಗಳು 89 ಮತ್ತು 516; 89² + 516² = 274177. ವ್ಯತ್ಯಾಸಗಳನ್ನು 178ರಿಂದ ಭಾಗಿಸಿದರೆ 1394180 ಮತ್ತು 8083111, ಅವುಗಳ ವರ್ಗಗಳ ಮೊತ್ತ 67280421310721. ಆರನೇ ಫರ್ಮಾ ಸಂಖ್ಯೆಯ ಎರಡು ಅವಿಭಾಜ್ಯಗಳು ಇವೇ.

ಭಾಗಲಬ್ಧ:
ಲೆಕ್ಕ ಸರಿಯಿದೆ, ಆದರೆ ಆ ಎರಡನೆಯ ರೂಪ ನಿಮಗೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 641ರ ಸಾಧನೆಯ ಬಗ್ಗೆ ನಾನು ಎತ್ತಿದ ಆಕ್ಷೇಪ ಇಲ್ಲಿಯೂ ನಿಲ್ಲುತ್ತದೆ. ಅಪವರ್ತನಗಳು ತಿಳಿದಿದ್ದರೆ ಎರಡನೆಯ ರೂಪವನ್ನು ನಿಮಿಷದಲ್ಲಿ ಕಟ್ಟಬಹುದು. ತಿಳಿಯದಿದ್ದರೆ ಅದನ್ನು ಹುಡುಕುವುದು ಅಪವರ್ತನ ಹುಡುಕುವಷ್ಟೇ ಕಷ್ಟ. ಲಾಂಡ್ರಿ 1880ರಲ್ಲಿ ಆರನೆಯದನ್ನು ಬಿಡಿಸುವವರೆಗೆ ಆಯ್ಲರರ ಕಾಲದಿಂದ ಸುಮಾರು ಒಂದೂವರೆ ಶತಮಾನ ಕಳೆದಿತ್ತು. ಏಳನೆಯದು 1970ರವರೆಗೆ, ಎಂಟನೆಯದು 1980ರವರೆಗೆ ಕಾಯಬೇಕಾಯಿತು.

ವರ್ಗಮೂಲ:
ಹುಡುಕಾಟಕ್ಕೆ ಅದು ಸುಲಭದ ದಾರಿ ಎಂದು ನಾನು ಹೇಳುತ್ತಿಲ್ಲ. ಒಂದು ಸಂಖ್ಯೆಯ ಎರಡು ರೂಪಗಳೊಳಗೆ ಅದರ ಅಪವರ್ತನಗಳು ಅಡಗಿರುತ್ತವೆ ಎಂಬುದು ಐದನೆಯದರಂತೆಯೇ ಆರನೆಯದಕ್ಕೂ ಸತ್ಯ ಎಂಬುದಷ್ಟೇ ಶೇಷಪ್ರಿಯ ಅವರ ಪ್ರಶ್ನೆಗೆ ನನ್ನ ಉತ್ತರ.

ಬೆಸಸಾಲು:
ಅಪವರ್ತನ ಸಿಗದೆಯೇ ಸಂಯುಕ್ತವೆಂದು ತಿಳಿದಿರುವವೂ ಇವೆ. ಐದರಿಂದ ಮೂವತ್ತೆರಡರವರೆಗಿನ ಎಲ್ಲ ಫರ್ಮಾ ಸಂಖ್ಯೆಗಳೂ ಸಂಯುಕ್ತಗಳು. ಆದರೆ ಇಪ್ಪತ್ತನೆಯದಕ್ಕೂ ಇಪ್ಪತ್ನಾಲ್ಕನೆಯದಕ್ಕೂ ಒಂದೇ ಒಂದು ಅವಿಭಾಜ್ಯ ಅಪವರ್ತನವೂ ಗೊತ್ತಿಲ್ಲ. ಅಲ್ಲಿ ತೀರ್ಪು ಕೊಟ್ಟದ್ದು ಪೆಪಾಂ ಪರೀಕ್ಷೆ. ಮೂವತ್ತಮೂರನೆಯದು ಅವಿಭಾಜ್ಯವೋ ಸಂಯುಕ್ತವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹೊಸಬ:
ಮೂವತ್ತಮೂರನೆಯದಕ್ಕೂ ಪೆಪಾಂ ಪರೀಕ್ಷೆಯನ್ನೇ ಏಕೆ ನಡೆಸಬಾರದು?

ಬೆಸಸಾಲು:
ಆ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆಯಲು 858 ಕೋಟಿಗೂ ಹೆಚ್ಚು ಸ್ಥಾನಗಳು ಬೇಕು, ಮತ್ತು ಪರೀಕ್ಷೆಯಲ್ಲಿ ಅಷ್ಟು ಉದ್ದದ ಸಂಖ್ಯೆಯನ್ನು ಹೆಚ್ಚುಕಡಿಮೆ ಅಷ್ಟೇ ಸಲ ವರ್ಗ ಮಾಡಿ ಶೇಷ ತೆಗೆಯಬೇಕು. ನಮ್ಮ ಸಂಖ್ಯೆಗೆ ಮೂವತ್ತೊಂದು ಸಲ ಸಾಕಿತ್ತು.